ಬಿಳಿಯದು ಅರ್ಧ ಲೆಕ್ಕ

ಬೆಳಗಿನಿಂದ ಎರಡು ಲೀಟರ್ ಔಷಧಿನೀರು ಕುಡಿದು
ಏಳು ಸಲ ಎದ್ದು ಹೋಗಿ
ಬರಿದಾಗಿ ಬಂದಿದ್ದಾರೆ ಯಾಎಗಾಶಿ ತೊಕುಜಿ.
ವಯಸ್ಸು ಎಪ್ಪತ್ತೊಂದು. ಕಸುಬು:
ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆ ನೋಡಿ
ಗಾಳ ಹಾಕುವವರು ಇಂದು ಕಾಲಿಡಬಹುದೋ ಇಲ್ಲವೋ
ಹೇಳುವುದು.
ಉಳಿದ ತಿಂಗಳು ದೋಣಿಗಳಿಗೆ ಬಣ್ಣ ಬಳಿಯುವುದು.

ನರ್ಸ್ ಚಿದಾ ಹಿಂಬದಿ ಸೀಳಿದ ಕಾಗದದ ಚಡ್ಡಿ ತೊಡಿಸಿ
ಎಡಮಗ್ಗುಲಿಗೆ ಹೊರಳಿಸಿದರು.
ಕಿಟಕಿಯಾಚೆ ಮೊರಿಯೋಕ, ಫೆಬ್ರವರಿ,
ಯಾರೋ ಸಲಿಕೆಯಲ್ಲಿ ಹಿಮ ಕೆರೆಯುವ ಸದ್ದು.

ನಾಳದೊಳಗೆ ನಾಳ ತೂರಿಸುತ್ತೇನೆ.
ತಿರುವು, ಮಡಿಕೆ, ಮತ್ತೊಂದು ತಿರುವು,
ಒದ್ದೆ ಗುಲಾಬಿ ಗೋಡೆ.
ಅಲ್ಲಿ, ಇಪ್ಪತ್ತೆರಡು ಸೆಂಟಿಮೀಟರ್ ಒಳಗೆ,
ಹನ್ನೆರಡು ಮಿಲಿಮೀಟರ್ ಅಗಲದ ಒಂದು ಹಳ್ಳ.
ಹಳ್ಳವೂ ಅಲ್ಲ; ಕಣಕದ ಮೇಲೆ
ಹೆಬ್ಬೆರಳು ಒತ್ತಿ ಬಿಟ್ಟ ಗುರುತು.

ಕ್ಯಾನ್ಸರ್ ಎನ್ನಲು ಜಾಣತನವೇನೂ ಬೇಡ.
ಮೇಲೆ ತಳುಕು ಒಳಗೆ ಹುಳುಕು, ಸರಿ.
ಹುಳುಕು ಎಷ್ಟು ಒಳಗೆ?
ಒಳಪೊರೆಯ ಕೆಳಗೆ ಸಾವಿರ ಮೈಕ್ರಾನ್ ದಾಟಿರದಿದ್ದರೆ
ಈ ಕೊಳವೆಯಿಂದಲೇ
ಆಲೂಗಡ್ಡೆ ಸಿಪ್ಪೆಯ ಹಾಗೆ ಸುಲಿದು ತೆಗೆದೇವು.
ದಾಟಿದ್ದರೆ ಹೊಟ್ಟೆಗೆ ರಂಧ್ರ ಕೊರೆದು
ಕರುಳಿನದೊಂದು ಗೇಣು, ಪಕ್ಕದ ಗ್ರಂಥಿಗಳ ಸಮೇತ.
ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್,
ನನ್ನ ಉಗುರು ವಾರ ಹತ್ತು ದಿನದಲ್ಲಿ ಬೆಳೆಯುವಷ್ಟು.

"ಚಿವುಟಬೇಡ" ಎಂದರು ಹಿಂದೆ ನಿಂತ ಒರಿಕಾಸಾ.
ಚಿವುಟಿದ ಗಾಯ ಮಾಯುವಾಗ ಪದರಕ್ಕೆ ಪದರ ಅಂಟುತ್ತದೆ,
ಆಮೇಲೆ ಸುಲಿಯಲು ಬಾರದು.
ನೋಡು. ಬರೀ ನೋಡು.

ಮೊದಲು ನೀಲಿ ಸುರಿದೆ.
ಅದು ತಗ್ಗಿನಲ್ಲಿ ನಿಂತು ಅಂಚು ಬರೆಯಿತು.
ಆಮೇಲೆ ನೇರಳೆ, ಹನಿಹನಿಯಾಗಿ; ಕಾದು, ತೊಳೆದು,
ಹಿಗ್ಗಿಸಿದಷ್ಟೂ ಹಿಗ್ಗಿಸಿದರೆ
ಗೋಡೆ ಗೋಡೆಯಾಗಿ ಉಳಿಯುವುದಿಲ್ಲ:
ಬಾಯಿ, ಬಾಯಿ, ಲೆಕ್ಕವಿರದ ಪುಟ್ಟ ಬಾಯಿ.
ನೆಟ್ಟಗಿರುವ ಕಡೆ ದುಂಡಗೆ, ಜೇನುಹುಟ್ಟಿನ ಹಾಗೆ ಒತ್ತಾಗಿ;
ಹಳ್ಳದತ್ತ ಸರಿದಂತೆ ಉದ್ದುದ್ದ, ಕವಲು ಕವಲು,
ಸೊಟ್ಟ,
ಮಗು ಬಳಪದಲ್ಲಿ ಗೀಚಿದಂತೆ.
ನಟ್ಟನಡುವೆ ಎಳ್ಳುಕಾಳಿನಷ್ಟು ಜಾಗದಲ್ಲಿ
ಬಾಯೇ ಇಲ್ಲ.

ಅಥವಾ ಇದೆ, ಲೋಳೆ ಮುಚ್ಚಿದೆ.
ಮತ್ತೆ ತೊಳೆದೆ.
"ಸೊಟ್ಟ, ಅಷ್ಟೇ. ಮೇಲ್ಮೇಲೇ ಇದೆ" ಅಂದೆ ನಾನು.
"ಅಳಿಸಿಹೋಗಿದೆ" ಅಂದರು ಒರಿಕಾಸಾ.
ಗಾಳಿ ತುಂಬಿದೆವು, ಗಾಳಿ ತೆಗೆದೆವು.
ಮಡಿಕೆ ಅಲುಗಿತು. ಹಳ್ಳ ಅಲುಗಲಿಲ್ಲ.
ಅಲುಗಿತು ಎಂದೇ ನನಗೆ ಅನಿಸಿತ್ತು.

ತೊಕುಜಿ ಮಂಪರಿನಲ್ಲೂ ಪರದೆ ನೋಡುತ್ತಿದ್ದರು.
"ಬಿಳಿ ಇದೆಯೇ ಅಲ್ಲಿ?"
ಯಾಕೆ ಎಂದೆ.
"ಕಪ್ಪು ಮಂಜುಗಡ್ಡೆ ಸುಳ್ಳಾಡುವುದಿಲ್ಲ. ಕೆಳಗಿನ ನೀರು ಕಾಣುತ್ತದೆ,
ಒಂದು ಗೇಣಿದ್ದರೆ ಒಂದೇ ಗೇಣು.
ಬಿಳಿಯದರಲ್ಲಿ ಹಿಮ ಸೇರಿರುತ್ತದೆ, ಗಾಳಿ ಸೇರಿರುತ್ತದೆ.
ಬಿಳಿಯದು ಅರ್ಧ ಲೆಕ್ಕ.
ಅನುಮಾನ ಬಂದರೆ ಕೊರೆದೇ ನೋಡುತ್ತೇನೆ.
ನಿಮಗೆ ಕೊರೆಯುವ ಹಾಗಿಲ್ಲವೇ?"
ಇಲ್ಲ ಎಂದೆ.
"ಪಾಪ" ಎಂದರು. ನಮ್ಮನ್ನು ಕುರಿತು.

ಆ ರಾತ್ರಿ ಕತ್ತಲ ಕೋಣೆಯಲ್ಲಿ
ಚಿತ್ರ ಒಂದರಿಂದ ನಲವತ್ತು, ನಲವತ್ತರಿಂದ ಒಂದು.
ಡಬ್ಬಿಯ ಕಾಫಿ ಆರಿ ತಣ್ಣಗಾಯಿತು.
ಒರಿಕಾಸಾ ವಾದ ಮಾಡಲಿಲ್ಲ. ಹದಿನೇಳನೆಯದರ ಮೇಲೆ
ಪೆನ್ನಿನ ಮುಚ್ಚಳ ಇಟ್ಟು ಮನೆಗೆ ಹೋದರು.

ಮಾರ್ಚಿಯಲ್ಲಿ ಗಾಜಿನ ಮೇಲೆ ಅಳೆದ ವರದಿ ಬಂತು:
ಸಾವಿರದ ಎಂಟುನೂರೈವತ್ತು.
ಗ್ರಂಥಿಗಳು ಹದಿಮೂರು; ಒಂದರಲ್ಲಿ ಇತ್ತು.
ನಾನು ಸುಲಿದಿದ್ದರೆ
ಆ ಒಂದು ಅಲ್ಲೇ ಕೂತು ಬೇಸಿಗೆಗೆ ಕಾಯುತ್ತಿತ್ತು.

ತೊಕುಜಿ ಕೇಳಿದರು, ಎಷ್ಟು?
ಹೆಬ್ಬೆರಳು ತೋರುಬೆರಳ ನಡುವೆ ತೋರಿಸಲು ಹೋದೆ,
ಬೆರಳೆರಡೂ ತಾಗಿಬಿಟ್ಟವು.
ಅವರು ಹೊಲಿಗೆ ಹಿಡಿದುಕೊಂಡು ನಕ್ಕರು:
"ಇಷ್ಟು ಗಡ್ಡೆಯ ಮೇಲೆ
ನಾನು ಪಕ್ಕದ ಮನೆಯ ಬೆಕ್ಕನ್ನೂ ಬಿಡುತ್ತಿರಲಿಲ್ಲ."

ಚಿತ್ರ ಹದಿನೇಳನ್ನು ಅಳಿಸಿಲ್ಲ.
ಉತ್ತರ ಗೊತ್ತಿದ್ದೂ ತೆರೆದು ನೋಡುತ್ತೇನೆ.
ನಟ್ಟನಡುವೆ, ಎಳ್ಳುಕಾಳಿನಷ್ಟು ಜಾಗದಲ್ಲಿ,
ನನಗೆ ಇನ್ನೂ
ಬಾಯಿಗಳು ಕಾಣುತ್ತವೆ.